ಪಕ್ಕದ ದೋಣಿಯವರ ಜೊತೆ ಬೆರೆಯುವುದು ಹೇಗೆ?

ಪ್ರಶ್ನೆ: ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾದಲ್ಲಿ (ದೋಣಿಗಳ ತಂಗುದಾಣ) ನಮ್ಮಣ್ಣನ ಹಾಯಿದೋಣಿ ನಿಂತಿದೆ. ನಾನೂ ನಮ್ಮ ಮನೆಯವರೂ ಹದಿನೈದು ದಿನ ಅದರಲ್ಲೇ ಇರಲು ಹೊರಟಿದ್ದೇವೆ. ಕೆರೆಯ ತೆಪ್ಪ ಬಿಟ್ಟರೆ ನಮಗೆ ಬೇರೇನೂ ಗೊತ್ತಿಲ್ಲ. ಅಕ್ಕಪಕ್ಕದವರ ಜೊತೆ ಹೇಗೆ ನಡೆದುಕೊಳ್ಳಬೇಕು? ಏನು ಒಯ್ಯಬೇಕು?
– ಓದುಗರೊಬ್ಬರು, ತಿಪಟೂರು

ಉತ್ತರ: ಒಳಗೆ ಬರುತ್ತಿರುವ ದೋಣಿಯ ಹಗ್ಗ ಹಿಡಿದುಕೊಡಿ, ಪರಿಚಯ ತಾನಾಗಿ ಬೆಳೆಯುತ್ತದೆ. ಆದರೆ ಕೈಯಲ್ಲಿ ಜಗ್ಗಬೇಡಿ. ದೋಣಿಯ ಮುಂಭಾಗದ ಹಗ್ಗವನ್ನು ಅವಸರದಿಂದ ಎಳೆದರೆ ಅದರ ಮೂತಿ ಒಳಕ್ಕೆ ತಿರುಗಿ, ಹಿಂಭಾಗ ಪಕ್ಕದ ದೋಣಿಗೆ ಬಡಿಯುತ್ತದೆ. ಕಟ್ಟೆಯ ಗೂಟಕ್ಕೆ ಒಂದು ಸುತ್ತು ಹಾಕಿ, ದೋಣಿ ನಡೆಸುವವರು ಹೇಳುವವರೆಗೂ ಕಾಯಿರಿ.

ಪಕ್ಕದವರಿಗೆ ಅವರ ದೋಣಿಯೇ ಮನೆ. ಕಟ್ಟೆಯ ಮೇಲೆ ನಿಂತು ಕೂಗಿ, ಕರೆದರೆ ಮಾತ್ರ ಹತ್ತಿ, ಚಪ್ಪಲಿ ಕಳಚಿ. ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡಿದ್ದರೆ ಮುಂಭಾಗದಿಂದಲೇ ದಾಟಬೇಕು. ಹಿಂಭಾಗದಲ್ಲಿ ಅವರು ಕೂರುವ, ಊಟ ಮಾಡುವ ಜಾಗವಿರುತ್ತದೆ.

ಸಂಜೆ ಕೂಟಕ್ಕೆ ನಿಮ್ಮ ಲೋಟ, ತಟ್ಟೆ ನೀವೇ ಒಯ್ದು ವಾಪಸ್ ತನ್ನಿ. ಸಿಹಿನೀರು ಟ್ಯಾಂಕಿನಲ್ಲಿರುವಷ್ಟೇ, ಆತಿಥೇಯರಿಗೆ ಪಾತ್ರೆ ತೊಳೆಯುವ ಹೊರೆ ಬೇಡ. ಕೊಬ್ಬರಿ ಮಿಠಾಯಿ, ನಿಪ್ಪಟ್ಟು, ಚಟ್ನಿಪುಡಿ ಧಾರಾಳವಾಗಿ ಒಯ್ಯಿರಿ, ಫ್ರಿಜ್ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಕಟ್ಟೆಯಲ್ಲೇ ಬಿಡಿ: ಅದರ ಮಡಿಕೆಗಳಲ್ಲಿ ಜಿರಳೆ ಮೊಟ್ಟೆ ಬರುತ್ತದೆ, ದೋಣಿಯೊಳಗೆ ಸೇರಿದರೆ ಓಡಿಸುವುದು ಬಲು ಕಷ್ಟ.

ದೋಣಿಯವರು ಪರಸ್ಪರ ಮಾತಾಡುವ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್ ಅಪಾಯದ ಕರೆಗೆ, ಇನ್ನೊಂದು ದೋಣಿಯನ್ನು ಮೊದಲು ಕೂಗಿ ಕರೆಯುವುದಕ್ಕೆ ಮೀಸಲು. ಹರಟೆಗೆ ಬೇರೆ ಚಾನೆಲ್‌ಗೆ ಹೋಗಿ. ಮಲಗುವ ಮುಂಚೆ ಹಾಯಿಕಂಬದ ಹಗ್ಗಗಳನ್ನು ಕಂಬದಿಂದ ದೂರಕ್ಕೆಳೆದು ಕಟ್ಟಿ. ಗಾಳಿಗೆ ಅವು ಟಣಟಣ ಬಡಿಯುತ್ತಿದ್ದರೆ ಸುತ್ತಲಿನ ಯಾರಿಗೂ ನಿದ್ದೆಯಿಲ್ಲ.