ಪವನಾಕ್ಕೆ ಏಳೂವರೆ ಅಡಿಯ 3 ವೇಟ್ ಬೇಡ ಮಾರಾಯ್ರೆ

ಪುಣೆ ಹತ್ತಿರದ ಪವನಾ ಡ್ಯಾಮಿನಲ್ಲಿ ಫ್ಲೈ ಫಿಶಿಂಗಿಗೆ, ಅಂದರೆ ಗರಿ, ನೂಲು ಕಟ್ಟಿದ ಕೊಕ್ಕೆ (ಫ್ಲೈ) ಎಸೆದು ಮೀನು ಹಿಡಿಯಲಿಕ್ಕೆ, ಯಾವ ರಾಡ್ ಅಂತ ಈ ಗುಂಪಿನಲ್ಲಿ ಕೇಳಿದ್ರಲ್ಲ, ಆ 3 ವೇಟ್ ಆರ್ಡರ್ ಮಾಡಿದ್ದರೆ ಇವತ್ತೇ ಕ್ಯಾನ್ಸಲ್ ಮಾಡಿ. "ನಮಗೆ ಸಿಗೋದು ಅಂಗೈಯಷ್ಟು ಜಿಲೇಬಿ (ತಿಲಾಪಿಯಾ ಮೀನು), ಏಳೂವರೆ ಅಡಿಯ 3 ವೇಟ್ ಸಾಕಲ್ವಾ" ಅಂತ ನೀವು ಬರೆದದ್ದು ಓದಿದ ಕೂಡಲೇ ಅಟ್ಟದ ಮೇಲಿರುವ ನನ್ನ ಮುರಿದ ರಾಡ್ ನೆನಪಾಯ್ತು. ಇದೇ ಲೆಕ್ಕ ಹಾಕಿ ನಾನೂ ಅದನ್ನೇ ತಂದವ.

ವೇಟ್ ಅಂದರೆ ರಾಡ್ ಎಷ್ಟು ಭಾರದ ಲೈನ್ (ಎಸೆಯುವ ದಪ್ಪ ದಾರ) ಎಸೆಯಬಲ್ಲದು ಅನ್ನುವ ನಂಬರು. ಅದನ್ನು ಆರಿಸುವುದು ಮೀನಿನ ತೂಕ ನೋಡಿ ಅಲ್ಲ. ಎಂಥ ಫ್ಲೈ ಕಟ್ತೀರಿ, ಎಂಥ ಗಾಳಿಯಲ್ಲಿ ಎಸೀತೀರಿ, ಅದನ್ನು ನೋಡಿ. ಮೀನು ಆಮೇಲೆ.

ನನ್ನನ್ನು ಹಾಳು ಮಾಡಿದ್ದು ವಿಡಿಯೋಗಳು. ಮರದ ನೆರಳಿನ ತೊರೆ, ಮೊಣಕಾಲುದ್ದ ನೀರು, ಹದಿನೈದು ಅಡಿ ದೂರಕ್ಕೆ ಸೊಳ್ಳೆ ಗಾತ್ರದ, ನೀರ ಮೇಲೆ ತೇಲುವ ಡ್ರೈ ಫ್ಲೈ. ಅಲ್ಲಿಗೆ 3 ವೇಟ್ ಚಂದವೇ. ಪವನಾದಲ್ಲಿ ಏಪ್ರಿಲ್ ಹೊತ್ತಿಗೆ ನೀರು ಇಳಿದು ನಮ್ಮ ಬೆನ್ನ ಹಿಂದೆ ಕಲ್ಲಿನ ಏರು ಎದ್ದಿರ್ತದೆ, ಹನ್ನೊಂದು ಗಂಟೆ ದಾಟಿದರೆ ಘಟ್ಟದ ಕಡೆಯಿಂದ ಗಾಳಿ. ನಾನು ಕಟ್ಟಿದ್ದು ಮಣಿ ಹಾಕಿದ 8 ನಂಬರಿನ ವೂಲಿ ಬಗರ್ ಅನ್ನುವ ಭಾರದ ಫ್ಲೈ. ಗಿಡ್ಡ ರಾಡ್ ಆದ್ದರಿಂದ ಎಸೆಯುವ ಮೊದಲು ಲೈನನ್ನು ಹಿಂದಕ್ಕೆ ಬೀಸುವ ಬ್ಯಾಕ್‌ಕಾಸ್ಟ್ ಏರಿಲ್ಲ, ಕೊಕ್ಕೆ ಹಿಂದಿನ ಕಲ್ಲಿಗೆ ಟಣ್ ಅಂತ ಬಡಿದು ಅದರ ಮೊನೆಯೇ ಹೋಯ್ತು. ಮೂರು ಮೀನು ಕಚ್ಚಿ ತಪ್ಪಿಸಿಕೊಂಡ ಮೇಲೆ ಕೊಕ್ಕೆ ನೋಡಿದೆ ನಾನು, ಅಷ್ಟು ಬುದ್ಧಿವಂತ! ಸಿಟ್ಟಲ್ಲಿ ಜೋರು ಮಾಡಿದೆ, ಮಣಿ ಬಂದು ರಾಡಿಗೇ ಬಡೀತು. ಗ್ರಾಫೈಟಿಗೆ ಆದ ಆ ಏಟು ಕಣ್ಣಿಗೆ ಕಾಣುವುದಿಲ್ಲ. ಮುಂದಿನ ಭಾನುವಾರ ಒಂದೂವರೆ ಕಿಲೋ ಇರಬಹುದಾದ ಸಿಪ್ರಿನಸ್ ಗೆಂಡೆ ಮೀನು ಕಚ್ಚಿ ಓಡಿದಾಗ ಸರಿಯಾಗಿ ಅಲ್ಲಿಗೇ ಲಟಕ್. ಥರ್ಮಾಕೋಲ್ ತೆಪ್ಪದ ಮೇಲೆ ಕೂತು ಬಲೆ ಎಳೀತಿದ್ದ ಕಾಕಾ ಒಬ್ಬರು ನಕ್ಕ ನಗು ಇನ್ನೂ ಕಿವಿಯಲ್ಲಿ ಉಂಟು.

ಹಾಗಾಗಿ ಒಂದೇ ರಾಡ್ ತಗೊಳ್ಳುವುದಾದರೆ 9 ಅಡಿ, 6 ವೇಟ್, ನಾಲ್ಕು ತುಂಡಿನದ್ದು, ಮೀಡಿಯಂ ಫಾಸ್ಟ್ (ತೀರಾ ಬಿರುಸೂ ಅಲ್ಲ, ತೀರಾ ಮೆತ್ತಗೂ ಅಲ್ಲ). ಎಲ್ಲರೂ ಹೇಳುವ 5 ವೇಟ್ ತಪ್ಪಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಮಾತ್ರ ಹೋಗುವವರಿಗೆ ಅದೇ ಹಿತ, ಮುಂದೆ ಹಿಮಾಚಲದ ತೀರ್ಥನ್‌ಗೆ ಟ್ರೌಟ್ ಹಿಡಿಯಲು ಹೋಗುವ ಆಸೆ ಇದ್ದರೂ 5 ಸಾಕು. ಆದರೆ ನೀವು ಏಳುವುದೇ ಎಂಟಕ್ಕೆ ಅಂತ ಈ ಗುಂಪಿಗೆಲ್ಲ ಗೊತ್ತು. ಹತ್ತಡಿ ರಾಡ್ ರೋಲ್ ಕಾಸ್ಟಿಗೆ (ಹಿಂದಕ್ಕೆ ಬೀಸದೆ ಲೈನನ್ನು ಮುಂದಕ್ಕೆ ಉರುಳಿಸಿ ಎಸೆಯುವುದಕ್ಕೆ) ಒಳ್ಳೆಯದು ಹೌದು, ಗಾಳಿಗೆ ಹಿಡಿದರೆ ಮಾತ್ರ ಮಣಿಕಟ್ಟು ಸೋಲ್ತದೆ.

ಇದೇ ಗುಂಪಿನಲ್ಲಿ ಒಬ್ಬರು "9 ವೇಟ್ ತಗೊಳ್ಳಿ, ಎಲ್ಲಕ್ಕೂ ಆಗ್ತದೆ" ಅಂದಿದ್ದಾರೆ. ಸರ್, ಬೇಜಾರು ಮಾಡ್ಬೇಡಿ, ಅದರಲ್ಲಿ ಜಿಲೇಬಿ ಹಿಡಿದರೆ ತರಗೆಲೆ ಎಳೆದ ಹಾಗೆ. ಕಳೆಯೊಳಗಿನ ಹಾವುತಲೆ ಮೀನು ಮರಳ್‌ಗೆ ಫೋಮ್ ಕಪ್ಪೆ ಎಸೆಯುವವರಿಗೆ 8 ಬೇಕು, ದೊಡ್ಡ ನದಿಯ ಮಹಶೀರ್‌ಗೆ 8 ಅಥವಾ 9. ಹೊಸಬರಿಗೆ ಅದನ್ನು ಕೊಟ್ಟರೆ ಭುಜ ಹಿಡಿದು ಎರಡೇ ವಾರದಲ್ಲಿ ಓಎಲ್‌ಎಕ್ಸ್‌ಗೆ ಹಾಕ್ತಾರೆ.

ಇನ್ನು ಲೈನ್. ರಾಡಿಗೆ ಎಂಟು ಸಾವಿರ ಹಾಕಿ ಲೈನಿಗೆ ಎಂಟುನೂರು ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಸೆಯುವಾಗ ಭಾರ ಇರುವುದು ಲೈನಿನಲ್ಲೇ ಅಲ್ವಾ? 5 ವೇಟ್ ಅಂದರೆ ಲೈನಿನ ಮೊದಲ 30 ಅಡಿ 140 ಗ್ರೇನ್, ಸುಮಾರು 9 ಗ್ರಾಂ. 6 ಅಂದರೆ 160, 8 ಅಂದರೆ 210. ನೀವು ಎಸೆಯುವುದು ಇಪ್ಪತ್ತೇ ಅಡಿಯಾದರೆ ಅಷ್ಟು ಭಾರ ರಾಡಿನ ತುದಿಯಿಂದ ಹೊರಗೆ ಬಂದೇ ಇರುವುದಿಲ್ಲ, ರಾಡ್ ಬಾಗುವುದಿಲ್ಲ, "ಈ ರಾಡ್ ಸತ್ತಿದೆ" ಅಂತ ಬೈತೀರಿ. ಹತ್ತಿರ ಎಸೆಯುವ ಹೊಸಬರು 5ರ ರಾಡಿಗೆ 6ರ ಲೈನ್ ಹಾಕಿ ನೋಡಿ, ಜೀವ ಬರ್ತದೆ. ಆದರೆ ಡಬ್ಬಿಯ ಮೇಲೆ ಗ್ರೇನ್ ಎಷ್ಟು ಅಂತ ಓದಿಯೇ ಹಾಕಿ. ಈಗಿನ ಎಷ್ಟೋ ಲೈನ್‌ಗಳನ್ನು ಅರ್ಧ ಅಥವಾ ಒಂದು ನಂಬರ್ ಭಾರ ಮಾಡಿಯೇ ಕೊಡ್ತಾರೆ. ಅದರ ಮೇಲೆ ನೀವೂ ಒಂದು ಏರಿಸಿದರೆ ರಾಡ್ ಒದ್ದೆ ಹಗ್ಗ ಬೀಸಿದ ಹಾಗಾಗ್ತದೆ. ಮತ್ತೆ ಫ್ಲೋಟಿಂಗ್ ವೇಟ್ ಫಾರ್ವರ್ಡ್ (ತೇಲುವ, ಮುಂಭಾಗದಲ್ಲಿ ಭಾರ ಇರುವ) ಲೈನ್ ತಗೊಳ್ಳುವಾಗ ಟ್ರಾಪಿಕಲ್ ಅಂತ ಬರೆದದ್ದನ್ನೇ ತಗೊಳ್ಳಿ. ತಣ್ಣೀರಿನ ಟ್ರೌಟ್ ಲೈನ್ ಪುಣೆಯ ಮೇ ತಿಂಗಳ ಬಿಸಿಲಿಗೆ ಆಗಷ್ಟೇ ಒತ್ತಿದ ಶ್ಯಾವಿಗೆಯ ಹಾಗೆ ಮೆತ್ತಗಾಗಿ ರಾಡಿನ ರಿಂಗಿಗೆ ಅಂಟಿಕೊಳ್ತದೆ. ಟ್ರಾಪಿಕಲ್ ಲೈನನ್ನೇ ಟ್ರೌಟ್‌ಗೆ ಹೋಗುವಾಗ ಒಯ್ಯಬೇಡಿ, ಚಳಿಗೆ ಸ್ಪ್ರಿಂಗಿನ ಹಾಗೆ ಸುರುಳಿ ಕಟ್ತದೆ.

ಬ್ರ್ಯಾಂಡ್ ಕೇಳಿದ್ರಿ. ಮ್ಯಾಕ್ಸ್‌ಕ್ಯಾಚ್ ಅಂದರೆ ಮೂಗು ಮುರಿಯುವವರಿದ್ದಾರೆ, ನನ್ನ ಈಗಿನ 6 ವೇಟ್ ಅದೇ, ತಕರಾರಿಲ್ಲ. ಕೈಯಲ್ಲಿ ಕಾಸಿದ್ದರೆ ರೆಡಿಂಗ್ಟನ್ ಅಥವಾ ಎಕೋ. ಅದಕ್ಕಿಂತ ಮೇಲಿನದ್ದು ಮೊದಲ ವರ್ಷ ಪೊಕ್ಕಡೆ ದುಡ್ಡು. ಹೆಸರಿಲ್ಲದ ಕಾಂಬೋ ಸೆಟ್ ಬೇಡವೇ ಬೇಡ, ಅದರ ರೀಲು ಎರಡನೇ ದಿನ ಮಸಾಲೆ ಅರೆಯುವ ಶಬ್ದ ಮಾಡ್ತದೆ.

ಗಾಳಿ ಬಲಗಡೆಯಿಂದ ಬರ್ತಿದ್ದು ನೀವೂ ಬಲಗೈಯವರಾದರೆ ಕೊಕ್ಕೆ ಕಿವಿಗೇ ಬರ್ತದೆ. ತಿರುಗಿ ನಿಂತು ಬ್ಯಾಕ್‌ಕಾಸ್ಟನ್ನೇ ನೀರಿಗೆ ಬಿಡಿ. ಟೊಪ್ಪಿ, ಕನ್ನಡಕ ಇಲ್ಲದೆ ಬಂದರೆ ನಾನು ನಿಮ್ಮ ಪಕ್ಕ ನಿಲ್ಲುವುದಿಲ್ಲ. ಮೊದಲು ಮೈದಾನದಲ್ಲಿ ಕೊಕ್ಕೆಯ ಬದಲು ಉಣ್ಣೆ ದಾರದ ತುಣುಕು ಕಟ್ಟಿ ಎಸೆಯಿರಿ. ಚಿಂಚ್‌ವಡದಲ್ಲಿ ನಾನು ಹೀಗೆ ಮಾಡುವಾಗ ಮಕ್ಕಳು ಆಕಾಶ ನೋಡ್ತಾ "ಕಾಕಾ, ಪತಂಗ ಕುಠೆ ಆಹೆ?" (ಗಾಳಿಪಟ ಎಲ್ಲಿ?) ಅಂತ ಕೇಳಿದ್ದುಂಟು.

ಅಕಸ್ಮಾತ್ ಮಹಶೀರ್ ಕಚ್ಚಿದರೆ ಫೋಟೋಕ್ಕಾಗಿ ಬಿಸಿ ಕಲ್ಲಿನ ಮೇಲೆ ಮಲಗಿಸಬೇಡಿ. ಒಳಮುಳ್ಳು ಒತ್ತಿ ಚಪ್ಪಟೆ ಮಾಡಿದ ಕೊಕ್ಕೆ, ಒದ್ದೆ ಕೈ, ನೀರಲ್ಲೇ ಬಿಡುಗಡೆ. ನಮ್ಮ ಡೆಕ್ಕನ್ ಮಹಶೀರನ್ನು ಬ್ರಿಟಿಷ್ ಅಧಿಕಾರಿ ಸೈಕ್ಸ್ 1839ರಲ್ಲಿ ಲೋಕಕ್ಕೆ ಪರಿಚಯಿಸಿದ್ದು ಇದೇ ಪುಣೆಯ ಮುಳಾ-ಮುಠಾದ ಮೀನು ನೋಡಿ. ಈಗ ಆ ನದಿಯ ಬಣ್ಣ ನೋಡಿದರೆ ನಂಬ್ಲಿಕ್ಕೆ ಕಷ್ಟ. ಲೋಣಾವಳದ ವಳವಣ ಡ್ಯಾಮಿನ ಬಳಿ ಟಾಟಾ ಪವರ್‌ನವರು 1970ರ ದಶಕದಿಂದ ಮಹಶೀರ್ ಮರಿ ಮಾಡ್ತಿದ್ದಾರೆ, ಅಲ್ಲಿ ಕೇಳದೆ ಗಾಳ ಹಾಕುವ ಯೋಚನೆಯೂ ಬೇಡ. ಬೇರೆ ಡ್ಯಾಮುಗಳಲ್ಲೂ ಮೀನುಗಾರಿಕೆ ಸೊಸೈಟಿಯವರ ಗುತ್ತಿಗೆ ಇರ್ತದೆ, ದಡದಲ್ಲಿ ಸಿಕ್ಕ ಕಾಕಾಗಳಿಗೆ ಒಂದು ಚಹಾ ಕುಡಿಸಿ ಕೇಳಿಯೇ ಇಳಿಯಿರಿ. ಮಳೆಗಾಲ ಮೀನು ಮೊಟ್ಟೆ ಇಡುವ ಕಾಲ, ಆಗ ಮನೆಯಲ್ಲಿ ಕೂತು ಫ್ಲೈ ಕಟ್ಟಿ.

ಈ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನು ಹೊರಡುವವ. ನನ್ನ 6 ಮತ್ತು ಗೆಳೆಯನ 5, ಎರಡನ್ನೂ ಬೀಸಿ ನೋಡಿ, ಆಮೇಲೆ ದುಡ್ಡು ಬಿಚ್ಚಿ. ಬರುವಾಗ ಒಂದು ತುಂಡು ಮೇಣದಬತ್ತಿ ತನ್ನಿ, ರಾಡಿನ ತುಂಡುಗಳು ಕೂಡುವ ಜಾಗಕ್ಕೆ ಉಜ್ಜಲಿಕ್ಕೆ. ನನ್ನದು ಮುಗಿದಿದೆ.