ಪ್ರತಿಕ್ರಿಯೆ: ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ಧ್ವಜ ಏಕೆ?
ಕಲಬುರಗಿಗೆ ವರ್ಗವಾಗಿ ಬಂದ ನಿಮಗೆ ಸೆಪ್ಟೆಂಬರ್ 17ರ ಧ್ವಜಾರೋಹಣ ವಿಚಿತ್ರವೆನಿಸಿದ್ದು ಸಹಜ. ಆಗಸ್ಟ್ 15ರಂದು ಒಮ್ಮೆ ಹಾರಿಸಿದ ಮೇಲೆ ಮತ್ತೆ ಏಕೆ ಎಂದು ಕೇಳಿದ್ದೀರಿ. ಕಾರಣ ಸರಳ: 1947ರ ಆ ದಿನ ಇಲ್ಲಿ ಸ್ವಾತಂತ್ರ್ಯ ಬಂದಿರಲೇ ಇಲ್ಲ. ಬೀದರ್, ಕಲಬುರಗಿ, ರಾಯಚೂರು ಆಗ ಹೈದರಾಬಾದ್ ನಿಜಾಮನ ಸಂಸ್ಥಾನದಲ್ಲಿದ್ದವು. ಭಾರತಕ್ಕೆ ಸೇರಲು ಒಪ್ಪದ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ನವೆಂಬರ್‌ನಲ್ಲಿ ಯಥಾಸ್ಥಿತಿ ಒಪ್ಪಂದವೊಂದನ್ನಷ್ಟೇ (ಸದ್ಯಕ್ಕೆ ಹಿಂದಿನ ವ್ಯವಸ್ಥೆಯನ್ನೇ ಮುಂದುವರಿಸುವ ಒಪ್ಪಂದ) ಮಾಡಿಕೊಂಡಿದ್ದ. ಮುಂದಿನ ತಿಂಗಳುಗಳು ನಿಜಾಮನ ಪರವಾಗಿದ್ದ ಖಾಸಗಿ ಪಡೆಯಾದ, ಕಾಸಿಂ ರಜ್ವಿಯ ರಜಾಕಾರರ ಹಾವಳಿಯ ಕಾಲ. ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದ ಹತ್ಯಾಕಾಂಡವನ್ನು ಬೀದರ್ ಕಡೆಯ ಹಿರಿಯರು ಇನ್ನೂ ಮರೆತಿಲ್ಲ.

ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು. ಐದನೆಯ ದಿನ, ಅಂದರೆ 17ರಂದು, ನಿಜಾಮ ಕದನವಿರಾಮ ಘೋಷಿಸಿದ. ಅವನ ಸೇನಾಪತಿ ಎಲ್ ಎದ್ರೂಸ್ ವಿಧಿವತ್ತಾಗಿ ಶರಣಾದದ್ದು 18ರಂದು. ಆದರೆ ಜನ ನೆನಪಿಟ್ಟುಕೊಂಡದ್ದು 17ನ್ನೇ. ಅದೇ ನಿಜಾಮ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿ (ರಾಜ್ಯಪಾಲರಂತಹ ಸಾಂವಿಧಾನಿಕ ಮುಖ್ಯಸ್ಥ) ಮುಂದುವರಿದ ಎಂಬುದು ಇತಿಹಾಸದ ತಮಾಷೆ!

ಒಂದು ತಿದ್ದುಪಡಿ: ಬಳ್ಳಾರಿಯೂ ನಿಜಾಮನದಾಗಿತ್ತು ಎಂದು ಬರೆದಿದ್ದೀರಿ. ಆಗ ಅದು ಮದ್ರಾಸ್ ಪ್ರಾಂತ್ಯದಲ್ಲಿತ್ತು. ಈ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯದಲ್ಲಿ ಅದನ್ನೂ ಸೇರಿಸಿರುವುದರಿಂದ ಈ ಗೊಂದಲ. ಇನ್ನೊಂದು ಮಾತು, ಭಾಷಣಗಳಲ್ಲಿ ಕಡಿಮೆ ಕೇಳಿಬರುವುದು: ಕಾರ್ಯಾಚರಣೆಯ ಬೆನ್ನಿಗೇ ನಡೆದ ಹಿಂಸೆಯಲ್ಲಿ ಅಮಾಯಕ ಮುಸ್ಲಿಮರೂ ಸತ್ತರು. ಅದನ್ನು ಪರಿಶೀಲಿಸಲು ಕೇಂದ್ರ ಸರ್ಕಾರ ಪಂಡಿತ ಸುಂದರಲಾಲ್ ಅವರ ತಂಡವನ್ನು ಕಳುಹಿಸಿತ್ತು. 2019ರಿಂದ ಈ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕ.