ಸ್ಟಿಕರ್ ಚಿಕ್ಕದಾಯಿತು, ಗೆರೆ ಮಾತ್ರ ದಪ್ಪಗೇ ಉಳಿಯಿತು

ಪ್ರಶ್ನೆ: ನಮ್ಮದು ಶ್ರೀನಿವಾಸಪುರ. ಮಾವಿನ ಬಾಕ್ಸಿಗೆ ಅಂಟಿಸಲು ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ನಾನೇ ಒಂದು ದುಂಡು ಸ್ಟಿಕರ್ ಬರೆದೆ. 160 ಮಿ.ಮೀ. ಅಗಲ ಬರೆದು, ಆಮೇಲೆ 40ಕ್ಕೆ ಇಳಿಸಿದೆ. 2 ಮಿ.ಮೀ. ಗೆರೆ ಮಾತ್ರ ಹಾಗೇ ಉಳಿಯಿತು. ತೋತಾಪುರಿಯ ಕೊಕ್ಕು ಮುಚ್ಚಿಹೋಗಿದೆ, ಊರಿನ ಹೆಸರೂ ಓದಲು ಬರುತ್ತಿಲ್ಲ. ಪ್ರೆಸ್‌ನವರು ಕೋರೆಲ್‌ಡ್ರಾ ಅನ್ನುವ ಅಂಥದೇ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತೆರೆದು ‘ಇದು 38 ಇದೆಯಲ್ಲಾ’ ಅಂದರು. ಯಾರ ಅಳತೆ ಸರಿ?

ಉತ್ತರ: ಇಬ್ಬರದೂ ಸರಿ. ಇಂಕ್‌ಸ್ಕೇಪ್‌ನಲ್ಲಿ ಗೆರೆ ಯಾವಾಗಲೂ ಆಕಾರದ ಅಂಚಿನ ಮೇಲೆ ಕೂರುತ್ತದೆ, ಅರ್ಧ ಒಳಗೆ, ಅರ್ಧ ಹೊರಗೆ. ನಿಮ್ಮ ಗೆರೆ ಎಡಕ್ಕೆ 1, ಬಲಕ್ಕೆ 1 ಮಿ.ಮೀ. ಹೊರಗೆ ಬಂದಿದೆ. ಇಂಕ್‌ಸ್ಕೇಪ್ ಅದನ್ನೂ ಸೇರಿಸಿ 40 ಅನ್ನುತ್ತದೆ. ಕೋರೆಲ್ ಬರೀ ಆಕಾರವನ್ನು ಅಳೆದು 38 ಅನ್ನುತ್ತದೆ. ಪ್ರೆಸ್‌ಗೆ ಕೊಡುವ ಕೆಲಸವಾದರೆ ಎಡಿಟ್, ಪ್ರಿಫರೆನ್ಸಸ್, ಟೂಲ್ಸ್‌ಗೆ ಹೋಗಿ ಬೌಂಡಿಂಗ್ ಬಾಕ್ಸನ್ನು, ಅಂದರೆ ಅಳತೆ ಹಿಡಿಯುವ ಚೌಕಟ್ಟನ್ನು, ಗೆರೆ ಬಿಟ್ಟು ಅಳೆಯುವ ಜಿಯೊಮೆಟ್ರಿಕ್‌ಗೆ ಬದಲಿಸಿ. ಆಗ ಇಬ್ಬರಿಗೂ ಒಂದೇ ಅಳತೆ ಕಾಣುತ್ತದೆ.

ಈಗ ಗೆರೆ. ಕಂಟ್ರೋಲ್ ಝಡ್ ಒತ್ತಿ ಮೊದಲಿನ ದೊಡ್ಡ ಚಿತ್ರಕ್ಕೆ ವಾಪಸ್ ಹೋಗಿ. ಸೆಲೆಕ್ಟರ್ ಬಾಣ ಹಿಡಿದಾಗ ಮೇಲಿನ ಪಟ್ಟಿಯಲ್ಲಿ ಅಗಲ, ಎತ್ತರದ ಪಕ್ಕ ನಾಲ್ಕು ಪುಟ್ಟ ಗುಂಡಿಗಳಿವೆ. ಮೊದಲನೆಯದು ಗೆರೆಯದು, ನಿಮ್ಮಲ್ಲಿ ಅದು ಆಫ್ ಆಗಿದೆ. ಆನ್ ಮಾಡಿ, ಬೀಗದ ಗುರುತನ್ನೂ ಹಾಕಿ, ಅಳತೆ ಇಳಿಸಿ. ಚಿತ್ರ ಕಾಲು ಭಾಗವಾದರೆ ಗೆರೆಯೂ ಅರ್ಧ ಮಿ.ಮೀ. ಆಗುತ್ತದೆ, ಕೊಕ್ಕು ತೆರೆದುಕೊಳ್ಳುತ್ತದೆ. ಕೋರೆಲ್‌ನಲ್ಲಿ ಇದೇ ಕೆಲಸಕ್ಕೆ ಎಫ್12 ಒತ್ತಿದರೆ ಬರುವ ಔಟ್‌ಲೈನ್ ಪೆನ್‌ನಲ್ಲಿ ‘ಸ್ಕೇಲ್ ವಿತ್ ಆಬ್ಜೆಕ್ಟ್’ ಅಂತ ಇದೆ.

ಅಕ್ಷರದ ಮಾತು ಬೇರೆ. ಕೋಲಾರದಲ್ಲಿ ನನ್ನ ಅಂಗಡಿಗೆ ಬರುವ ಲೇಬಲ್‌ಗಳಲ್ಲಿ ಜಾಸ್ತಿ ಕೆಡುವುದು ಇದೇ. ‘ಶ್ರೀ’ಯ ಒತ್ತಿನ ಸಂದು ಎಷ್ಟು ಕಿರಿದು ನೋಡಿ! ಗೆರೆಯ ಒಳಗಿನ ಅರ್ಧ ಅಕ್ಷರದ ಮೈಯನ್ನೇ ತಿನ್ನುತ್ತದೆ, ಹೊರಗಿನ ಅರ್ಧ ಸಂದನ್ನು ಮುಚ್ಚುತ್ತದೆ. ಇಂಕ್‌ಸ್ಕೇಪ್‌ನಲ್ಲಿ ಬಣ್ಣ, ಗೆರೆ ಬದಲಿಸುವ ಫಿಲ್ ಆ್ಯಂಡ್ ಸ್ಟ್ರೋಕ್ ಕಿಟಕಿಯ ಮೂರನೇ ಪುಟದಲ್ಲಿ ‘ಆರ್ಡರ್’ ಇದೆ. ಅಲ್ಲಿ ಗೆರೆಯನ್ನು ಬಣ್ಣದ ಹಿಂದಕ್ಕೆ ಕಳಿಸಿ, ಅಕ್ಷರದ ಮೈ ಉಳಿಯುತ್ತದೆ. ಸಂದು ಆಗಲೂ ಮುಚ್ಚಿದರೆ ಗೆರೆಯನ್ನೇ ತೆಗೆದುಬಿಡಿ. ಹಸಿರು ಹಿನ್ನೆಲೆಗೆ ಹಳದಿ ಅಕ್ಷರ ಗೆರೆಯಿಲ್ಲದೆಯೇ ಚೆನ್ನಾಗಿ ಎದ್ದು ಕಾಣುತ್ತದೆ.

ಸ್ಟಿಕರ್ ಕತ್ತರಿಸುವ ಯಂತ್ರಕ್ಕೆ (ಪ್ಲಾಟರ್) ಗೆರೆಯ ದಪ್ಪ ಲೆಕ್ಕಕ್ಕಿಲ್ಲ, ಅದು ನಡುವಿನ ದಾರಿಯನ್ನಷ್ಟೇ ಹಿಡಿಯುತ್ತದೆ. ನಿಮ್ಮ ಫೈಲನ್ನು ಹಾಗೇ ಕೊಟ್ಟರೆ ಗೆರೆಯ ಹೊರಗಿನ ಅರ್ಧ ಕತ್ತರಿಸಿ ಹೋಗುತ್ತದೆ. ಅದಕ್ಕೇ 40 ಮಿ.ಮೀ.ನ ಇನ್ನೊಂದು ವೃತ್ತವನ್ನು ಬೇರೆ ಲೇಯರ್‌ನಲ್ಲಿ ಕಟಿಂಗ್‌ಗೆ ಅಂತಲೇ ಇಡಿ. ಅಚ್ಚಾಗುವ ಗೆರೆ ಅದರಿಂದ ಒಂದೂವರೆ ಮಿ.ಮೀ. ಒಳಗಿರಲಿ, ಹಿನ್ನೆಲೆಯ ಬಣ್ಣ ಎರಡು ಮಿ.ಮೀ. ಹೊರಗೆ ಚಾಚಿರಲಿ. ಕೊನೆಗೆ ಅಕ್ಷರಗಳನ್ನು ‘ಆಬ್ಜೆಕ್ಟ್ ಟು ಪಾತ್’ ಮಾಡಿ, ಅಂದರೆ ಬರೀ ಆಕಾರಗಳಾಗಿ ಬದಲಿಸಿ ಕಳಿಸಿ. ಪ್ರೆಸ್‌ನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚದುರುವುದಿಲ್ಲ. ತಿದ್ದಲು ಬೇಕಾಗುವ ಮೂಲ ಫೈಲ್ ಬೇರೆ ಇಟ್ಟುಕೊಂಡಿರಿ.